ಸೊಸೆ ತರೋ ವಯಸ್ಸಲ್ಲಿ ಸಿಂಗಾರ

ನಂಜನಗೂಡು, ತಿ. ನರಸೀಪುರದ ಕಡೆ ನಲವತ್ತೈದು ದಾಟಿದ ಹೆಂಗಸು ಕನ್ನಡಿ ಮುಂದೆ ಎರಡು ನಿಮಿಷ ಜಾಸ್ತಿ ನಿಂತರೆ ಸಾಕು, ಹಿಂದಿನಿಂದ ಒಂದು ದನಿ ಬರುತ್ತದೆ: ‘ಸೊಸೆ ತರೋ ವಯಸ್ಸಲ್ಲಿ ಇದೆಂಥ ಸಿಂಗಾರವ್ವಾ?’ ಕೇಳುವವರು ಅತ್ತೆಯೇ ಆಗಬೇಕೆಂದಿಲ್ಲ, ಎಷ್ಟೋ ಸಲ ಹೆತ್ತ ಮಗಳೇ. ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಪಿಲೆಯ ದಂಡೆಯಲ್ಲೇ ಹುಟ್ಟಿದ ಒಬ್ಬಾಕೆ ನೂರು ವರ್ಷದ ಹಿಂದೆಯೇ ಕೊಟ್ಟು ಹೋಗಿದ್ದಾರೆ.

1. ನಾಚಿಕೆ ಯಾರ ಪಾಲಿನದು ಎಂದು ಮೊದಲು ಕೇಳಿ

1878ರಲ್ಲಿ ನಂಜನಗೂಡಿನ ದೇವದಾಸಿ ಮನೆತನದಲ್ಲಿ ಹುಟ್ಟಿದ ನಾಗರತ್ನಮ್ಮ ಮುಂದೆ ಮದರಾಸಿನಲ್ಲಿ ನೆಲೆಸಿ ‘ಬೆಂಗಳೂರು ನಾಗರತ್ನಮ್ಮ’ ಎಂದೇ ಹೆಸರಾದ ಗಾಯಕಿ. 18ನೇ ಶತಮಾನದ ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ ಅವರ ಕೈಗೆ ಬಂತು. ಅಚ್ಚಾದ ಪ್ರತಿಯಲ್ಲಿ ಪದ್ಯಗಳು ಬಿಟ್ಟುಹೋಗಿದ್ದವು. ಹಸ್ತಪ್ರತಿ ಹುಡುಕಿಸಿ, 1910ರಲ್ಲಿ ಪೂರ್ತಿ ಕಾವ್ಯವನ್ನು ಅಚ್ಚು ಹಾಕಿಸಿದರು.

ಆ ಕಾವ್ಯದ ರಾಧೆ ಹದಿಹರೆಯದ ಹುಡುಗಿಯಲ್ಲ, ಮಾಗಿದ ಹೆಣ್ಣು. ತಾನೇ ಸಾಕಿ ಬೆಳೆಸಿದ ಇಳಾ ಎಂಬ ಹುಡುಗಿಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಆಮೇಲೆ ಅವನಿಲ್ಲದೆ ಬೇಯುತ್ತಾಳೆ, ಸಿಟ್ಟಾಗುತ್ತಾಳೆ. ಕೊನೆಗೆ ಕೃಷ್ಣನೇ ಬಂದು ರಮಿಸಬೇಕಾಗುತ್ತದೆ. ಹೆಣ್ಣಾದವಳು ಹೀಗೆಲ್ಲ ಬರೆಯುವುದುಂಟೇ ಎಂದು ದೊಡ್ಡ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಅವರೇ ಹೀಗಳೆದಿದ್ದರು. ನಾಗರತ್ನಮ್ಮ ತಿರುಗಿ ಕೇಳಿದ್ದು ಇಷ್ಟೇ: ಗಂಡಸರು ಇದಕ್ಕಿಂತ ಹಸಿಯಾಗಿ ಬರೆದದ್ದನ್ನು ನೀವೇ ಒಪ್ಪಿದ್ದೀರಿ, ನಾಚಿಕೆ ಹೆಂಗಸಿಗೆ ಮಾತ್ರವೇ? ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾಗಿದ್ದು 1947ರಲ್ಲಿ. ಮಗಳೋ ನಾದಿನಿಯೋ ಮುಖ ಸಿಂಡರಿಸಿದಾಗ ನೀವೂ ಇದೇ ಪ್ರಶ್ನೆ ಕೇಳಬಹುದು.

2. ಹೊಸ ಕೆಲಸಕ್ಕೆ ನಲವತ್ಮೂರು ಒಳ್ಳೆಯ ವಯಸ್ಸು

1921ರಲ್ಲಿ ನಾಗರತ್ನಮ್ಮನಿಗೆ ನಲವತ್ಮೂರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ಬಿಡಾರಂ ಕೃಷ್ಣಪ್ಪನವರಿಂದ ತಿಳಿಯಿತು. ನರಸೀಪುರದ ಪಕ್ಕದ ತಿರುಮಕೂಡಲಿನಿಂದ ಹೋದ ಪಿಟೀಲು ಚೌಡಯ್ಯನವರ ಗುರು ಇದೇ ಕೃಷ್ಣಪ್ಪನವರು. ನಾಗರತ್ನಮ್ಮ ಜಾಗ ಕೊಂಡರು, ಗುಡಿ ಕಟ್ಟಿಸಿದರು, ಸ್ವಂತ ಆಸ್ತಿ ಸುರಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದ್ದೇ ಬೇರೆ ಗೋಷ್ಠಿ ಕಟ್ಟಿ ಹಾಡಿಸಿದರು. ಇವತ್ತು ಅವರ ಸಮಾಧಿಯೂ ಅಲ್ಲೇ ಇದೆ.

ಒಬ್ಬರೇ ಸಾಲದೆನ್ನುವವರಿಗೆ: ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಮೈಸೂರು ಆಸ್ಥಾನದ ನರ್ತಕಿ ವೆಂಕಟಲಕ್ಷಮ್ಮ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲು ಸೇರಿದ್ದು ಅರವತ್ತರ ಹೊಸ್ತಿಲಲ್ಲಿ. ಆಕೆ ಕಲಿಸುತ್ತಿದ್ದುದರಲ್ಲಿ ಶೃಂಗಾರದ ಪದ, ಜಾವಳಿಗಳೇ ಮುಖ್ಯ.

3. ಬೀರುವಿನ ಸೀರೆ ಉಡಿ

ಮೈಸೂರು ಸಿಲ್ಕಿನ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ತಿ. ನರಸೀಪುರದಲ್ಲೇ ಇದೆ. ಬಿಸಿನೀರಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿ ಹಿಡಿದು, ನಾಲ್ಕಾರು ಗೂಡಿನ ಎಳೆ ಸೇರಿಸಿದರೆ ಒಂದು ನೂಲು. ಅಷ್ಟು ಕಷ್ಟಪಟ್ಟು ತೆಗೆದ ನೂಲು ನುಸಿಗುಳಿಗೆ ವಾಸನೆ ಕುಡಿದುಕೊಂಡು ಬೀರುವಿನಲ್ಲಿ ಮಡಿಕೆ ಮುರಿಯುವುದು ಯಾವ ನ್ಯಾಯ? ಮದುವೆ ಮನೆಗೇ ಕಾಯಬೇಡಿ. ಮಂಗಳವಾರ ಸುಮ್ಮನೆ ಉಟ್ಟುಕೊಳ್ಳಿ, ರೇಷ್ಮೆ ಮೈಗೆ ತಾಕುವುದನ್ನು ಗಮನಿಸಿ. ಸುಖ ಅನ್ನುವುದಕ್ಕೆ ಹಾಸಿಗೆಯೊಂದೇ ಜಾಗವಲ್ಲ.

4. ಬಸ್ಸು ಹತ್ತಿ

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ತವರು, ದೇವಸ್ಥಾನ, ಆಸ್ಪತ್ರೆ ಬಿಟ್ಟು ನಾಲ್ಕನೇ ಜಾಗಕ್ಕೆ ಹೋಗಿ. ಮೈಸೂರಿನ ರಂಗಾಯಣದಲ್ಲಿ ನಾಟಕ ನೋಡಿ, ಇಲ್ಲವೇ ಸೋಮನಾಥಪುರದ ಗುಡಿಯ ಗೋಡೆ ಸುತ್ತ ಒಂದು ಸಲ ನಿಧಾನವಾಗಿ ನಡೆಯಿರಿ. ಹೊಯ್ಸಳರ ಶಿಲ್ಪಿಗಳು ಹೆಣ್ಣಿನ ಮೈಯನ್ನು ನಾಚಿಕೊಂಡು ಕೆತ್ತಲಿಲ್ಲ.

5. ನಿಮ್ಮ ಹೆಸರಿನ ದುಡ್ಡು ನಿಮ್ಮ ಹತ್ತಿರವೇ ಇರಲಿ

ಗೃಹಲಕ್ಷ್ಮಿಯ ಎರಡು ಸಾವಿರವೋ ಹಾಲಿನ ದುಡ್ಡೋ, ಅದರಲ್ಲಿ ಸ್ವಲ್ಪಕ್ಕೆ ಲೆಕ್ಕ ಕೊಡಬೇಡಿ. ನಾಗರತ್ನಮ್ಮನ ಕೈಯಲ್ಲಿ ಕಾಸು ಇಲ್ಲದಿದ್ದರೆ ಪುಸ್ತಕವೂ ಇಲ್ಲ, ಗುಡಿಯೂ ಇಲ್ಲ.

6. ಮೈ ಹೇಳುವುದನ್ನು ಹೆಂಗಸರ ಡಾಕ್ಟರಿಗೆ ಹೇಳಿ

ನಮ್ಮಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 46ರ ಆಸುಪಾಸು. ಮೈ ಕಾವೇರುತ್ತದೆ, ನಿದ್ದೆ ಕೆಡುತ್ತದೆ. ಜೊತೆಗೆ ಯಾರೂ ಬಾಯಿ ಬಿಡದ ಇನ್ನೊಂದುಂಟು: ಈಸ್ಟ್ರೋಜನ್ ಇಳಿದು ಯೋನಿ ಒಣಗುತ್ತದೆ, ಗಂಡನ ಜೊತೆ ಸೇರುವಾಗ ಉರಿ, ನೋವು. ಎಷ್ಟೋ ಮಂದಿ ಇದನ್ನು ‘ನಂಗೀಗ ಆಸೆ ಇಲ್ಲ’ ಎಂದು ತಪ್ಪಾಗಿ ಓದಿಕೊಳ್ಳುತ್ತಾರೆ. ಇರುವುದು ನೋವು, ಹೋಗಿರುವುದು ಆಸೆಯಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಲೂಬ್ರಿಕಂಟ್ ಜೆಲ್‌ನಿಂದಲೇ ಬಹಳಷ್ಟು ಜನಕ್ಕೆ ಹಾಯೆನಿಸುತ್ತದೆ. ಸಾಲದಿದ್ದರೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಅದನ್ನು ಮಾತ್ರ ಡಾಕ್ಟರು ಬರೆದುಕೊಡಬೇಕು. ಕೇಳುವುದಕ್ಕೆ ತಾಲ್ಲೂಕು ಆಸ್ಪತ್ರೆ ಇದೆ, ಮೈಸೂರಿನಲ್ಲಿ ಚೆಲುವಾಂಬ ಇದೆ.

ಇನ್ನು ಮೂರು ಎಚ್ಚರ. ಮುಟ್ಟು ಏರುಪೇರಾದ ಮಾತ್ರಕ್ಕೆ ಬಸಿರಾಗುವುದಿಲ್ಲ ಅಂದುಕೊಳ್ಳಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ. ‘ಗರ್ಭಕೋಶ ತೆಗೆಸಿಬಿಡಿ, ರಗಳೆ ಇರಲ್ಲ’ ಎಂದು ಯಾರಾದರೂ ಆತುರ ಮಾಡಿದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ.

7. ಕೋಣೆ ಬಿಟ್ಟುಕೊಡಬೇಡಿ

ಮಗನ ಮದುವೆಯಾದ ದಿನವೇ ಇರುವ ಒಂದು ಕೋಣೆ ಮಗ-ಸೊಸೆಗೆ, ಯಜಮಾನರು ಪಡಸಾಲೆಗೆ, ಯಜಮಾನಿ ಅಡುಗೆಮನೆ ಬಾಗಿಲಿಗೆ. ಐವತ್ತು ತುಂಬದ ದಂಪತಿ ಹೀಗೆ ಸದ್ದಿಲ್ಲದೆ ಬೇರಾಗಿಬಿಡುತ್ತಾರೆ. ಜಗಳವಿಲ್ಲ, ನ್ಯಾಯವಿಲ್ಲ, ಚಾಪೆ ಜಾಗ ಬದಲಾಯಿತು ಅಷ್ಟೇ! ಮದುವೆಗೆ ಸಾಲ ಮಾಡಿ ಷಾಮಿಯಾನ ಹಾಕಿಸುವವರು ಅದರಲ್ಲೇ ಸ್ವಲ್ಪ ಉಳಿಸಿ ಒಂದು ಅಡ್ಡಗೋಡೆ ಕಟ್ಟಿಸಿ, ಚಿಲಕ ಹಾಕಿಸಿ. ಈ ಪಟ್ಟಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ ಎನ್ನುತ್ತೇನೆ. ಬೇಕು, ಬೇಡ, ಹೀಗಿದ್ದರೆ ಹಿತ ಎಂಬ ಮಾತು ಬಾಯಿಗೆ ಬರುವುದು ಬಾಗಿಲು ಮುಚ್ಚಿದ ಮೇಲೆಯೇ.

8. ಗಂಡ ಇಲ್ಲದವರು ಹೂ ಮುಡಿಯಿರಿ

ಮಲ್ಲಿಗೆ ಬೆಳೆಯುವ ನಾಡಿನಲ್ಲಿ ಇದಕ್ಕೆ ಯಾರ ಅಪ್ಪಣೆ? ಮತ್ತೆ ಜೊತೆ ಬೇಕೆನಿಸಿದರೂ ತಪ್ಪಿಲ್ಲ, ವಿಧವಾ ವಿವಾಹಕ್ಕೆ ಕಾನೂನು ಒಪ್ಪಿ 1856ಕ್ಕೇ ಆಗಿದೆ. ಬೇಡವೆನಿಸಿದರೆ ಅದೂ ನಿಮ್ಮದೇ ತೀರ್ಮಾನ.

9. ಸೋಬಾನೆ ಕಲಿಯಿರಿ

ನಮ್ಮ ಕಡೆ ಮದುವೆ ಮನೆಯಲ್ಲಿ ಬೀಗರನ್ನು ಛೇಡಿಸಿ, ಮದುಮಗನ ಕಿವಿ ಕೆಂಪಾಗಿಸುವ ಸೋಬಾನೆ ಪದ ಹೇಳುತ್ತಿದ್ದವರು ಎಳೆಯ ಹುಡುಗಿಯರಲ್ಲ, ನಡುವಯಸ್ಸು ದಾಟಿದ ಹೆಂಗಸರೇ. ಪದ ಬಲ್ಲ ಅಜ್ಜಿ ಊರಲ್ಲಿ ಇನ್ನೂ ಇದ್ದರೆ ಈ ವಾರವೇ ಎಲೆ ಅಡಿಕೆ ತೆಗೆದುಕೊಂಡು ಹೋಗಿ ಮುಂದೆ ಕೂತು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಂಘದ ಮೀಟಿಂಗಿನಲ್ಲಿ ಸಾಲದ ಕಂತು ಕಟ್ಟಿದ ಮೇಲೆ ನಾಲ್ಕು ಜನ ಕೂತು ಹೇಳಿ ನೋಡಿ. ಮುಂದಿನ ಮದುವೆಯಲ್ಲಿ ಡಿಜೆ ಶುರುವಾಗುವ ಮುಂಚೆ ಅರ್ಧ ಗಂಟೆ ನಿಮಗೇ ಬೇಕೆಂದು ಈಗಲೇ ಹೇಳಿಡಿ.