ಮಂಡಿನೋವಿಗೆ ಲಕ್ಕಿ ಸೊಪ್ಪು: ಪರೀಕ್ಷೆ ಏನು ಹೇಳುತ್ತದೆ?



ನಾಟಿ, ಕಳೆ, ಕಬ್ಬಿನ ಕೆಲಸ ಮುಗಿಸಿ ಬಂದು ಮಂಡಿ ಹಿಡ್ಕೊಂಡು ಕೂರದ ಹೆಂಗಸರು ನಮ್ಮ ಸಂತೆಮರಹಳ್ಳಿ ಸುತ್ತಮುತ್ತ ಕಡಿಮೆ. ಆಗ ನೆನಪಿಗೆ ಬರುವುದು ಲಕ್ಕಿ ಸೊಪ್ಪು. ಬಾಣಂತಿ ನೀರಿಗೂ ಅದೇ, ಊದಿದ ಕಾಲಿನ ಶಾಖಕ್ಕೂ ಅದೇ. ಇದರಿಂದ ನೋವು ನಿಜವಾಗಿ ಇಳಿಯುತ್ತದೆಯೇ ಎಂದು ವಿಜ್ಞಾನಿಗಳು ಹೇಗೆ ನೋಡುತ್ತಾರೆ, ತಿಳಿದುಕೊಳ್ಳೋಣ.

ಮೊದಲು ಗಿಡ ಅದೇ ಹೌದೋ ಅಲ್ಲವೋ ಎಂದು ಬಲ್ಲವರಿಂದ ಗುರುತು ಹಿಡಿಸುತ್ತಾರೆ. ಎಲೆಯ ಸಾರ ತೆಗೆಯುತ್ತಾರೆ. ಇಲಿಗಳನ್ನು ಗುಂಪು ಮಾಡಿ ಒಂದಕ್ಕೆ ಬರೀ ನೀರು, ಒಂದಕ್ಕೆ ಗೊತ್ತಿರುವ ನೋವಿನ ಔಷಧಿ, ಉಳಿದವಕ್ಕೆ ಬೇರೆ ಬೇರೆ ಅಳತೆಯಲ್ಲಿ ಸಾರ ಕೊಡುತ್ತಾರೆ. ಸುಮಾರು 55 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ಬಿಟ್ಟು, ಇಲಿ ಪಾದ ನೆಕ್ಕುವುದಕ್ಕೋ ನೆಗೆಯುವುದಕ್ಕೋ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಅಳೆಯುತ್ತಾರೆ. ಪಾದ ಸುಡುವ ಮೊದಲೇ ಎತ್ತಿಬಿಡಬೇಕು. ಪಾಪ ಅನ್ನಿಸುತ್ತದೆ ಅಲ್ವಾ? ಅದಕ್ಕೇ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಇದನ್ನು ಮಾಡುವಂತಿಲ್ಲ.

ಬರೀ ನೀರಿನ ಗುಂಪು ಯಾಕೆ ಅಂತೀರಾ? ಹೋಲಿಸಿ ನೋಡಲು. ನಮ್ಮ ನೋವೂ ಎಷ್ಟೋ ಸಲ ಎರಡು ದಿನ ಕೂತರೆ ತಾನಾಗೇ ಇಳಿಯುತ್ತದೆ, ಹೆಸರು ಮಾತ್ರ ಸೊಪ್ಪಿಗೆ ಬರುತ್ತದೆ.

2003ರಲ್ಲಿ ಶ್ರೀಲಂಕಾದ ವಿಜ್ಞಾನಿಗಳು ಬಲಿತ ಹಸಿ ಲಕ್ಕಿ ಎಲೆಯ ನೀರಿನ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ನೋವೂ ಊತವೂ ಕಡಿಮೆಯಾದವು. ಅಜ್ಜಿಯರ ಮಾತು ಪೊಳ್ಳಲ್ಲ. ಆದರೆ ಇಲಿಗೆ ಆದದ್ದು ನಮ್ಮ ಮಂಡಿಗೂ ಆಗುತ್ತದೆ ಎನ್ನಲು ಜನರ ಮೇಲೆಯೇ ಪರೀಕ್ಷೆ ನಡೆಯಬೇಕು. ಈ ದಾರಿ ಉದ್ದ. ವಿಲ್ಲೋ ಮರದ ತೊಗಟೆ ಜ್ವರಕ್ಕೆ ಆಗುತ್ತದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ಬರೆದರು. ಅದರ ಜಾಡಿನಲ್ಲೇ ಆಸ್ಪಿರಿನ್ ಜರ್ಮನಿಯಲ್ಲಿ ತಯಾರಾದದ್ದು 1897ರಲ್ಲಿ.

ನಮಗೆ ಹೆಚ್ಚು ಚಿಂತೆ ಇರುವುದು ಚೀಟಿಯಿಲ್ಲದ ಪೊಟ್ಟಣಗಳದ್ದು. "ಬರೀ ಗಿಡಮೂಲಿಕೆ, ಒಂದೇ ದಿನಕ್ಕೆ ನೋವು ಮಾಯ" ಎಂದು ಕೊಡುವ ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್, ಡೈಕ್ಲೋಫಿನಾಕ್ ಬೆರೆಸಿದ್ದು ದೇಶದ ಹಲವು ಕಡೆ ಪತ್ತೆಯಾಗಿದೆ. ನೋವು ಬೇಗ ಇಳಿಯುವುದು ಅದರಿಂದಲೇ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ, ಬಿ.ಪಿ. ಏರುತ್ತದೆ, ಮೂಳೆ ಸವೆಯುತ್ತದೆ, ಹೊಟ್ಟೆ ಹುಣ್ಣು, ಕಿಡ್ನಿಗೂ ಪೆಟ್ಟು. ತಯಾರಕರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೇನಿದೆ ಎಂಬ ಪಟ್ಟಿ ಇಲ್ಲದಿದ್ದರೆ ಕೊಳ್ಳಬೇಡಿ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಲೂ ಬೇಡಿ, ಸ್ಟೆರಾಯ್ಡ್ ಇದ್ದರೆ ಅದೂ ಅಪಾಯ. ಪೊಟ್ಟಣ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆ ಡಾಕ್ಟರಿಗೆ ತೋರಿಸಿ.

ಲಕ್ಕಿ ಸೊಪ್ಪಿನ ಶಾಖ ಕೊಟ್ಟುಕೊಳ್ಳಿ, ಗಾಯದ ಮೇಲೆ ಮಾತ್ರ ಬೇಡ. ಶಾಖ ಎಷ್ಟಿದೆ ಎಂದು ಮೊದಲು ಕೈಗೆ ಮುಟ್ಟಿಸಿ ನೋಡಿ, ಸಕ್ಕರೆ ಕಾಯಿಲೆ ಇರುವವರಿಗೆ ಕಾಲು ಸುಟ್ಟದ್ದೂ ತಿಳಿಯುವುದಿಲ್ಲ. ಬಸುರಿಯರು ಇದರ ಕಷಾಯ ಕುಡಿಯುವುದು ಬೇಡ.