ಸಿವಿಟಿ ಗಾಡಿ: ಗ್ಯಾರೇಜಿನಲ್ಲಿ ಕಲಿತದ್ದು

1. ಸ್ಕೂಟರ್ ಗೊತ್ತಿದ್ದರೆ ಅರ್ಧ ಗೊತ್ತು

ಆಕ್ಟಿವಾದ ಎಡಬದಿಯ ಕವರ್ ಬಿಚ್ಚಿದ್ದನ್ನು ನೋಡಿದವರಿಗೆ ಸಿವಿಟಿ ಗೇರ್‌ಬಾಕ್ಸ್ ಹೊಸದಲ್ಲ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ಬೆಲ್ಟು. ಪ್ರತಿ ಪುಲ್ಲಿಗೂ ಎರಡು ಹೋಳು. ಒಂದು ಇದ್ದಲ್ಲೇ ಇರುತ್ತದೆ, ಇನ್ನೊಂದು ಅದರ ಹತ್ತಿರಕ್ಕೂ ದೂರಕ್ಕೂ ಸರಿಯುತ್ತದೆ. ಒಳಮೈ ಇಳಿಜಾರಾಗಿರುವುದರಿಂದ ಹೋಳುಗಳು ದೂರವಾದರೆ ಬೆಲ್ಟು ಒಳಕ್ಕೆ ಇಳಿಯುತ್ತದೆ, ಹತ್ತಿರವಾದರೆ ಅಂಚಿಗೆ ಏರುತ್ತದೆ. ಗಾಡಿ ಹೊರಡುವಾಗ ಇಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟು ಒಳಗೆ, ಚಕ್ರದ ಕಡೆಯದರಲ್ಲಿ ಅಂಚಿಗೆ. ನಿಮ್ಮ ಫಸ್ಟ್ ಗೇರ್ ಅಂದರೆ ಅಷ್ಟೇ. ವೇಗ ಏರಿದಂತೆ ಇದು ಅದಲುಬದಲಾಗುತ್ತದೆ. ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಹಾಗಾಗಿ ‘ಎಷ್ಟು ಗೇರು?’ ಅಂತ ಕೇಳಿದರೆ ಉತ್ತರವಿಲ್ಲ.

ಕಾರಿನಲ್ಲಿ ಇದನ್ನು ಚಾಲ್ತಿಗೆ ತಂದದ್ದು ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ, 1958ರಲ್ಲಿ ತೋರಿಸಿದ 600 ಎಂಬ ಪುಟ್ಟ ಕಾರಿನಲ್ಲಿ. ಆಗ ರಬ್ಬರ್ ಬೆಲ್ಟೇ. ಆ ಕಾರು ಮುಂದಕ್ಕೆ ಓಡುವಷ್ಟೇ ಜೋರಾಗಿ ಹಿಂದಕ್ಕೂ ಓಡುತ್ತಿತ್ತು. ಡಚ್ಚರು ಬಿಟ್ಟಾರೆಯೇ, ರಿವರ್ಸ್ ರೇಸನ್ನೇ ಇಟ್ಟುಕೊಂಡರು!

2. ಕಾರಿನ ಬೆಲ್ಟು ಎಳೆಯುವುದಿಲ್ಲ, ತಳ್ಳುತ್ತದೆ

ಸ್ಕೂಟರಿನ ರಬ್ಬರ್ ಬೆಲ್ಟು ಎಳೆದು ಓಡಿಸುತ್ತದೆ. ನಮ್ಮಲ್ಲಿಗೆ ಬರುವ ಹೆಚ್ಚಿನ ಸಿವಿಟಿ ಕಾರುಗಳಲ್ಲಿ ಇರುವುದು ಉಕ್ಕಿನ ಬೆಲ್ಟು: ಸುಮಾರು 400 ತೆಳು ಬಿಲ್ಲೆಗಳು, ಅವನ್ನು ಎರಡು ಕಡೆಯಿಂದ ಹಿಡಿದಿಡುವ ಪದರ ಪದರದ ಉಕ್ಕಿನ ಪಟ್ಟಿಗಳು. ಪುಲ್ಲಿ ಒಂದು ಬಿಲ್ಲೆಯನ್ನು ತಳ್ಳಿದರೆ ಅದು ಮುಂದಿನದನ್ನು ತಳ್ಳುತ್ತದೆ. ಕೈಯಲ್ಲಿ ಹಿಡಿದರೆ ಹಾವಿನಂತೆ ಬಳುಕುವ ಈ ಬೆಲ್ಟು ಕಾರನ್ನೇ ತಳ್ಳುತ್ತದೆ ಅಂದರೆ ಹೊಸ ಹುಡುಗರು ನಂಬುವುದಿಲ್ಲ. ಹ್ಯುಂಡೈ, ಕಿಯಾಗಳ ಐವಿಟಿಯಲ್ಲಿ ಬೆಲ್ಟಿನ ಬದಲು ಚೈನು. ಇನ್ನು ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ ಇ-ಸಿವಿಟಿ ಹೆಸರಿಗೆ ಮಾತ್ರ ನೆಂಟ. ಅದರಲ್ಲಿ ಬೆಲ್ಟೂ ಇಲ್ಲ, ಇಂಥ ಪುಲ್ಲಿಯೂ ಇಲ್ಲ. ಎರಡು ಮೋಟಾರು, ಪ್ಲಾನೆಟರಿ ಗೇರು, ಅಷ್ಟೇ. ಈ ಪಾಠಗಳಲ್ಲಿ ಹೆಚ್ಚಿನವು ಅದಕ್ಕೆ ಅನ್ವಯಿಸುವುದಿಲ್ಲ.

3. ಆಯಿಲನ್ನು ಒಂದು ಪಾರ್ಟ್ ಎಂದೇ ನೋಡಿ

ಉಕ್ಕಿನ ಮೇಲೆ ಉಕ್ಕು, ಅದೂ ಆಯಿಲಿನಲ್ಲಿ ನೆಂದು, ಜಾರಬಾರದು. ಯೋಚಿಸಿದರೆ ವಿಚಿತ್ರವೇ. ಜಾರದ ಹಾಗೆ ಪುಲ್ಲಿಯನ್ನು ಅದುಮಿ ಹಿಡಿಯುವುದು ಆಯಿಲ್ ಪ್ರೆಶರ್. ಟಯರಿನಲ್ಲಿ 2 ಬಾರ್ ಚಿಲ್ಲರೆ ಇದ್ದರೆ ಇಲ್ಲಿ ಹತ್ತಾರು ಬಾರ್. ಅದೇ ಆಯಿಲು ಬೇರಿಂಗಿಗೆ ಜಾರುವಿಕೆ ಕೊಡಬೇಕು, ಬೆಲ್ಟಿಗೆ ಹಿಡಿತ ಕೊಡಬೇಕು, ಬಿಸಿಯನ್ನೂ ಹೊತ್ತೊಯ್ಯಬೇಕು. ಹಾಗಾಗಿ ಮಾಮೂಲಿ ಆಟೊಮ್ಯಾಟಿಕ್‌ನ ಎಟಿಎಫ್ ಸುರಿದರೆ ನಡೆಯುವುದಿಲ್ಲ. ಬಣ್ಣ ಒಂದೇ ಇದ್ದರೂ ನಡೆಯುವುದಿಲ್ಲ.

ಆಯಿಲ್ ಪ್ಯಾನ್ ಇಳಿಸಿದಾಗ ನಾನು ಮೊದಲು ನೋಡುವುದು ಅದರೊಳಗಿನ ಮ್ಯಾಗ್ನೆಟ್ಟುಗಳನ್ನು. ಬೂದುಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಚಿಂತೆಯಿಲ್ಲ. ಸವೆತ ಇದ್ದದ್ದೇ, ಒರೆಸಿ ಹಾಕುತ್ತೇವೆ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕಿತೋ, ಬೆಲ್ಟು ಎಲ್ಲೋ ಜಾರಿ ಪುಲ್ಲಿಯ ಮೈಗೆ ಗೀರು ಬಿದ್ದಿದೆ ಎಂಬ ಅನುಮಾನ. ಆಮೇಲೆ ಆಯಿಲ್ ಬದಲಿಸಿ ಗುಣವಾಗುವ ಕಾಯಿಲೆಯಲ್ಲ ಅದು.

‘ಲೈಫ್‌ಟೈಮ್ ಆಯಿಲ್’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರ ಲೈಫು? ಘಾಟಿ, ಟ್ರಾಫಿಕ್ಕು ಎರಡನ್ನೂ ಕಾಣುವ ಗಾಡಿಗೆ 40,000 ಕಿ.ಮೀ.ಗೊಮ್ಮೆ ಬದಲಿಸಿ ಎನ್ನುತ್ತೇನೆ. ಮ್ಯಾನ್ಯುಯಲ್ ಅದಕ್ಕಿಂತ ಬೇಗ ಹೇಳಿದ್ದರೆ ಮ್ಯಾನ್ಯುಯಲ್ ಮಾತೇ ಕೇಳಿ. ಲೆವೆಲ್ಲನ್ನು ಕಂಪನಿ ಹೇಳಿದ ಬಿಸಿಯಲ್ಲೇ ನೋಡಬೇಕು, ಏಕೆಂದರೆ ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ.

4. ಇಂಜಿನ್ ಕೂಗಿದರೆ ಕೆಟ್ಟಿದೆ ಅಂತಲ್ಲ

‘ಅಣ್ಣಾ, ಆಕ್ಸಿಲರೇಟರ್ ತುಳಿದರೆ ಬರೀ ಶಬ್ದ, ಗಾಡಿ ಆಮೇಲೆ ಬರುತ್ತೆ, ಕ್ಲಚ್ ಹೋಗಿದೆಯಾ?’ ಹೊಸದಾಗಿ ಸಿವಿಟಿ ಕೊಂಡವರ ದೂರು ಹೆಚ್ಚುಕಡಿಮೆ ಇದೇ. ಜೋರಾಗಿ ತುಳಿದಾಗ ಕಂಪ್ಯೂಟರು ಮೊದಲು ಇಂಜಿನ್ನನ್ನು ಶಕ್ತಿ ಹೆಚ್ಚಿರುವ ಆರ್‌ಪಿಎಂಗೆ ಏರಿಸಿ ಅಲ್ಲೇ ನಿಲ್ಲಿಸುತ್ತದೆ, ಪುಲ್ಲಿ ಸರಿಸುತ್ತಾ ವೇಗ ಏರಿಸುತ್ತದೆ. ಗೇರು ಬಿದ್ದಾಗ ಇಳಿಯುವ ಶಬ್ದಕ್ಕೆ ಒಗ್ಗಿದ ಕಿವಿಗೆ ಇದು ರೋಗದಂತೆ ಕೇಳುತ್ತದೆ. ಜನರ ಕಿವಿಗೋಸ್ಕರವೇ ಈಗ ಹಲವು ಕಾರುಗಳಲ್ಲಿ ಸುಳ್ಳು ಗೇರಿನ ಸ್ಟೆಪ್ ಕೊಡುತ್ತಾರೆ. ಅರ್ಧ ತುಳಿದು ಓಡಿಸಿ ನೋಡಿ, ಇಷ್ಟು ನಯವಾದ ಗೇರ್‌ಬಾಕ್ಸ್ ಇನ್ನೊಂದಿಲ್ಲ.

5. ಘಾಟಿಯಲ್ಲಿ ಬಿಸಿಯೇ ಶತ್ರು

ಗುಂಡ್ಯದಿಂದ ಮಾರನಹಳ್ಳಿಗೆ, ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ತೆವಳುವಾಗ ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರಿದ್ದಾರೆ. ಟಾರ್ಕ್ ಕನ್ವರ್ಟರ್ ಒಳಗೆ ಆಯಿಲು ಸುಮ್ಮನೆ ಕಡೆದು ಕುದಿಯುತ್ತದೆ. ಬ್ರೇಕ್ ಇರುವುದೇ ನಿಲ್ಲಿಸಲಿಕ್ಕೆ. ಗಾಡಿ ತಾನಾಗಿ ಪಿಕಪ್ ಕಡಿಮೆ ಮಾಡಿದರೆ ತುಳಿಯಬೇಡಿ. ಬದಿಗೆ ಹಾಕಿ, ಪಿಯಲ್ಲಿ ಇಂಜಿನ್ ಓಡಲು ಬಿಡಿ. ಪಂಪು ತಿರುಗುತ್ತಿದ್ದರೆ ಆಯಿಲು ಕೂಲರಿಗೆ ಹೋಗಿ ಬರುತ್ತದೆ. ಇಳಿಯುವಾಗ ಡಿ ಸಾಲದು. ಎಲ್, ಎಸ್ ಅಥವಾ ಬಿ, ನಿಮ್ಮ ಲಿವರಿನಲ್ಲಿ ಇರುವುದನ್ನು ಹಾಕಿ ಇಂಜಿನ್ನಿಗೆ ಹಿಡಿಯಲು ಬಿಡಿ.

ಕೆಸರಿನಲ್ಲಿ ಸಿಕ್ಕಿದ ಚಕ್ರವನ್ನು ಗರಗರ ತಿರುಗಿಸುವುದೂ ಬೇಡ. ತಿರುಗುತ್ತಿದ್ದ ಚಕ್ರಕ್ಕೆ ಥಟ್ಟನೆ ಗಟ್ಟಿ ನೆಲ ಸಿಕ್ಕಾಗ ಬೀಳುವ ಏಟು ನೇರ ಬೆಲ್ಟಿಗೆ.

6. ಹಗ್ಗ ಕಟ್ಟಿ ಎಳೆಸಬೇಡಿ

ಇಂಜಿನ್ ಆಫ್ ಆದರೆ ಪಂಪು ತಿರುಗದು, ಒಳಗೆ ಆಯಿಲು ಹರಿಯದು. ಎಳೆಸಿದರೆ ಚಕ್ರದ ಜೊತೆ ಗೇರ್‌ಬಾಕ್ಸಿನ ಒಳಭಾಗಗಳು ಆಯಿಲಿಲ್ಲದೆ ತಿರುಗುತ್ತವೆ. ಫ್ಲಾಟ್‌ಬೆಡ್ ಕರೆಸಿ. ಇಲ್ಲವೇ ಗೇರ್‌ಬಾಕ್ಸ್ ಓಡಿಸುವ ಚಕ್ರಗಳನ್ನು ನೆಲದಿಂದ ಎತ್ತಿ ಸಾಗಿಸಿ.

7. ಹಳೇ ಗಾಡಿ ಕೊಳ್ಳುವಾಗ

ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಡಿಗೆ ಹಾಕಿ ನಿಧಾನವಾಗಿ 40ರವರೆಗೆ ಹೋಗಿ. ಹೊರಡುವಾಗ ನಡುಗಿದರೆ, ವೇಗದ ಜೊತೆಗೇ ಏರುವ ಕೊಂಯ್ ಶಬ್ದ ಬಂದರೆ ಗಮನವಿರಲಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿ. ಕೆಲವು ಗಾಡಿ ತಣ್ಣಗಿದ್ದಾಗ ಸಾಧು, ಬಿಸಿಯಾದ ಮೇಲೆ ಬೇರೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಕೇಳಿ. ‘ಎಲ್ಲ ಸರ್ವಿಸೂ ಮಾಡಿಸಿದ್ದೇವೆ ಸಾರ್’ ಎಂಬುದು ಬಿಲ್ ಅಲ್ಲ. ಬಿಲ್ ಸಿಗದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ರೇಟು ಮಾತಾಡಿ.