ಹುರಳಿ ಈಗಲೇ ಬೇಡ, ತಮ್ಮಾ

ತಮ್ಮಾ, ಮೋಟೆಬೆನ್ನೂರಿನ ಹೆದ್ದಾರಿ ಪಕ್ಕ ತಲೆ ಜೋತುಹಾಕಿ ನಿಂತಿದ್ದ ಆ ತಟ್ಟುವನ್ನು ಮನೆಗೆ ಕರೆತಂದೆಯಲ್ಲ, ಒಳ್ಳೆಯದೇ ಮಾಡಿದೆ. ದೇವರಗುಡ್ಡದ ಮಾಲತೇಶನ ಕುದುರೆ ಬಂತು ಅಂತ ನಿಮ್ಮಜ್ಜಿ ಅದರ ಹಣೆಗೆ ಭಂಡಾರ ಹಚ್ಚಿದಳು. ನಾನು ಪಕ್ಕೆಲುಬು ಎಣಿಸುತ್ತ ನಿಂತೆ. ಬಾಲದ ಬುಡದ ಎರಡೂ ಕಡೆ ಕುಳಿ ಬಿದ್ದಿದೆ. ಹೇರಿನ ಹಗ್ಗ ತಿಕ್ಕಿದಲ್ಲಿ ಚರ್ಮ ಕಿತ್ತು ನೊಣ ಮುತ್ತಿದೆ.

ಒಲೆ ಮೇಲೆ ಹುರಳಿ ಬೇಯಲು ಇಟ್ಟಿದ್ದೀಯಲ್ಲ, ಅದನ್ನು ಇಳಿಸಿಬಿಡು.

ನಿನ್ನ ವಯಸ್ಸಿನಲ್ಲಿ ನಾನೂ ಒಂದನ್ನು ತಂದಿದ್ದೆ. ಕುರಿಗಾರರ ಸಾಮಾನು ಹೊತ್ತು ಹೊತ್ತು ಕುಂಟಾಗಿ ದಾರಿಯಲ್ಲೇ ಉಳಿದ ಕುದುರೆ. ಎರಡು ಸೇರು ಹುರಳಿ ಬೇಯಿಸಿ ಬೆಲ್ಲ ಕಲಸಿ ಇಟ್ಟೆ. ಗೋದಲಿ ನೆಕ್ಕಿ ಖಾಲಿ ಮಾಡಿತು. ಮರುದಿನ ಇನ್ನಷ್ಟು ಹಾಕಿದೆ. ಮೂರನೇ ದಿನ ಬೆಳಗ್ಗೆ ನೆಲಕ್ಕೆ ಬಿದ್ದಿತ್ತು, ಬಾಯಲ್ಲಿ ಇನ್ನೂ ಹುರಳಿ ಸಿಪ್ಪೆ ಇತ್ತು. ಹಸಿವಿಗೆ ಸತ್ತಿತು ಅಂದರು ಊರವರು. ನಾನು ಉಣಿಸಿದ್ದಕ್ಕೆ ಸತ್ತಿತು ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಪಶುವೈದ್ಯರೊಬ್ಬರು ಬಿಡಿಸಿ ಹೇಳಿದಾಗ.

ಬಹಳ ದಿನ ಉಪವಾಸ ಬಿದ್ದ ಮೈ ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಂಡು ಜೀವ ಹಿಡಿದಿರುತ್ತದೆ. ಅಂಥ ಹೊಟ್ಟೆಗೆ ಒಮ್ಮೆಲೇ ಕಾಳು, ಬೆಲ್ಲ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶದೊಳಗೆ ಎಳೆದುಕೊಂಡು ಹೋಗಿ ಹೃದಯ ಸೋಲುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಹೊರಬಂದ ಎಷ್ಟೋ ಜನ ಹೊಟ್ಟೆತುಂಬ ಉಂಡು ತೀರಿಕೊಂಡದ್ದೂ ಹೀಗೆಯೇ.

ಮೊದಲ ಹತ್ತು ದಿನ ಅದಕ್ಕೆ ಒಣಗಿಸಿದ ಕುದುರೆ ಮಸಾಲೆ ಸೊಪ್ಪೇ ಊಟ. ಪಶುಗಳ ಮೇವಿನ ಪುಸ್ತಕದಲ್ಲಿ ಲೂಸರ್ನ್ ಅಂತ ಇರುತ್ತದೆ. ಅದರಲ್ಲಿ ಪಿಷ್ಟ ಕಡಿಮೆ, ಮೈಗೆ ಬೇಕಾದ ಖನಿಜ ಹೆಚ್ಚು. ದೊಡ್ಡ ಕುದುರೆಗಾದರೆ ನಾಲ್ಕು ತಾಸಿಗೊಮ್ಮೆ ಅರ್ಧ ಕಿಲೋದಷ್ಟು. ನಿನ್ನದು ತಟ್ಟು, ಅದಕ್ಕೂ ಕಡಿಮೆ ಸಾಕು. ರಾತ್ರಿ ಎರಡು ಗಂಟೆಗೂ ಎದ್ದು ಹಾಕಬೇಕು. ಮೂರು ದಿನ ಕಳೆದ ಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸು. ಶುದ್ಧ ನೀರು ಯಾವಾಗಲೂ ಮುಂದಿರಲಿ. ಅದು ಮುಂಗಾಲಿನಿಂದ ನೆಲ ಕೆರೆಯುತ್ತದೆ, ನಿನ್ನ ಹೆಜ್ಜೆ ಸಪ್ಪಳಕ್ಕೆ ಕೆನೆಯುತ್ತದೆ, ಖಾಲಿ ಗೋದಲಿಗೆ ಮೂತಿ ಇಟ್ಟು ನಿನ್ನನ್ನೇ ನೋಡುತ್ತದೆ. ಕರುಳು ಚುರುಕ್ ಅನ್ನುತ್ತದೆ, ನನಗೆ ಗೊತ್ತು. ಆದರೂ ಹಾಕಬೇಡ.

ಮನೆಯಲ್ಲಿ ಗೋವಿನಜೋಳ ರಾಶಿ ಬಿದ್ದಿದೆ ಅಂತ ಒಂದು ಬೊಗಸೆ ಕೊಡುವ ಆಸೆಯೂ ಬೇಡ. ಬೂಷ್ಟು ಹಿಡಿದದ್ದಂತೂ ಹತ್ತಿರ ಸುಳಿಯಕೂಡದು. ಎತ್ತು ಹೇಗೋ ತಾಳಿಕೊಂಡೀತು, ಆದರೆ ಆ ಬೂಷ್ಟಿನ ವಿಷ ಕುದುರೆಯ ಮಿದುಳನ್ನೇ ಕೊಳೆಸುತ್ತದೆ. ನಮ್ಮ ಜಿಲ್ಲೆಯ ಪ್ರತಿ ಕಣದಲ್ಲೂ ಇರುವ ಕಾಳು ಅದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಾಳೆ ಬೆಳಗ್ಗೆ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸು. ಧನುರ್ವಾಯು ಕುದುರೆಗೆ ಬೇಗ ತಗಲುತ್ತದೆ, ಆ ಗಾಯಕ್ಕೆ ಚುಚ್ಚುಮದ್ದು ಬೇಕೇ ಬೇಕು. ಗ್ಲ್ಯಾಂಡರ್ಸ್ ಇದೆಯೋ ಅಂತ ರಕ್ತ ಪರೀಕ್ಷೆಗೂ ಕೇಳು. ಅದು ಮನುಷ್ಯರಿಗೂ ಅಂಟುವ ರೋಗ. ವರದಿ ಬರುವ ತನಕ ದನದ ಕೊಟ್ಟಿಗೆಯಿಂದ ದೂರ, ಬೇವಿನ ಮರದ ಕೆಳಗೆ ಕಟ್ಟು. ಜಂತಿನ ಔಷಧಿ, ಹಲ್ಲಿಗೆ ಅರ ಹಾಕುವುದು, ಇವೆಲ್ಲ ಅದಕ್ಕೆ ಸ್ವಲ್ಪ ಶಕ್ತಿ ಬಂದ ಮೇಲೆ.

ಠಾಣೆಗೆ ಹೋಗಿ ಒಂದು ಅರ್ಜಿ ಬರೆದುಕೊಡು, ನಾಳೆ ಯಾರೂ ಕಳವು ಅನ್ನಬಾರದು. ಪ್ರಾಣಿಯನ್ನು ಉಪವಾಸ ಕೆಡವುವುದು, ನಡುದಾರಿಯಲ್ಲಿ ಕೈಬಿಡುವುದು 1960ರ ಕಾಯ್ದೆಯಲ್ಲಿ ಅಪರಾಧವೇ. ಆದರೂ ಬಿಟ್ಟವರು ಸಿಕ್ಕರೆ ಮೊದಲು ಅವರ ಕಥೆ ಕೇಳು. ಮಳೆ ಬಿಸಿಲಲ್ಲಿ ನೂರಾರು ಕುರಿ ಹಿಂದೆ ನಡೆಯುವವರಿಗೆ ಕುಂಟು ಕುದುರೆಯ ಸಲುವಾಗಿ ನಾಲ್ಕು ದಿನ ನಿಲ್ಲಲು ಆಗಿರಲಿಕ್ಕಿಲ್ಲ.

ಇಲ್ಲಿ ಬಾ, ಗೊರಸು ನೋಡು. ಬೆಳೆದು ಮುಂದಕ್ಕೆ ಚಾಚಿದೆ. ಒಂದೇ ಸಲಕ್ಕೆ ಕತ್ತರಿಸಿ ಸರಿ ಮಾಡಿಸಲು ಹೋಗಬೇಡ, ಆರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊರೆಸು. ಹೊಟ್ಟೆಗೆ ಸರಿಯಾಗಿ ಬೀಳತೊಡಗಿದ ಮೇಲೆ, ಗೊರಸಿನ ಮೇಲಂಚಿನಲ್ಲಿ, ಕೂದಲು ಮುಗಿಯುವ ಕಡೆ, ಉಂಗುರದ ಹಾಗೆ ಒಂದು ಗೆರೆ ಮೂಡುತ್ತದೆ. ಗೆರೆಯ ಕೆಳಗಿನದು ಹಸಿದ ದಿನಗಳ ಗೊರಸು, ಮೇಲಿನದು ನಿನ್ನ ಕೈಯ ಮೇವಿನದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಆ ಗೆರೆ ನೆಲ ಮುಟ್ಟುವ ತನಕ ಅದರ ಬೆನ್ನ ಮೇಲೆ ಯಾರನ್ನೂ ಹತ್ತಿಸಬೇಡ, ನಿನ್ನ ಮಗಳನ್ನೂ.